ಗರಗಸದಕ್ಕನ ತಣ್ಣನೆಯ ಕೋಣೆಯಲ್ಲಿ ಹಳೆಯ ಸೂರ್ಯ

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಂಶೋಧನಾಲಯದ ಹಿಂಬಾಗಿಲ ಪಕ್ಕದಲ್ಲಿ ಬಟ್ಟೆ ಬದಲಿಸುವ ಸಣ್ಣ ಕೋಣೆ. ಅಲ್ಲಿ ಕಾಲು ಅಲ್ಲಾಡುವ ಒಂದು ಬೆಂಚಿನ ಮೇಲೆ ಕೂತು ಗರಗಸದಕ್ಕ ಎರಡನೇ ಜೊತೆ ಉಣ್ಣೆಯ ಕಾಲುಚೀಲ ಎಳೆದುಕೊಳ್ಳುತ್ತಿದ್ದಾರೆ. ಅದರ ಮೇಲೆ ದಪ್ಪ ಪ್ಯಾಂಟು, ಅದರ ಮೇಲೆ ಹತ್ತಿ ತುಂಬಿದ ಇನ್ನೊಂದು ಪ್ಯಾಂಟು, ಎರಡು ಸ್ವೆಟರ್, ಮೊಣಕಾಲು ಮುಟ್ಟುವ ಕೋಟು, ಕಿವಿ ಮುಚ್ಚುವ ಟೋಪಿ. "ಈರುಳ್ಳಿ ಥರ ನಾನು," ಎಂದು ಅವರೇ ನಗುತ್ತಾರೆ. "ಸುಲೀತಾ ಹೋದ್ರೆ ಕೊನೆಗೆ ಏನೂ ಉಳಿಯಲ್ಲ."

ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ಎರವಲು ತಂದ ಕೋಟಿನಲ್ಲಿ ನಾನು ಥೇಟ್ ಬೆದರುಬೊಂಬೆ. ನನ್ನ ಜೇಬಿನ ಪೆನ್ನನ್ನು ಅವರೇ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟು, ಡಬ್ಬಿಯಿಂದ ಒಂದು ಮೋಟು ಪೆನ್ಸಿಲ್ ಹುಡುಕಿ ಕೊಡುತ್ತಾರೆ. "ಒಳಗೆ ಶಾಯಿ ಓಡಲ್ಲ. ಪತ್ರಿಕೆಯವರ ಪೆನ್ನು ಅಂದ್ರೂ ಚಳಿ ಕೇಳಲ್ಲ." ದಪ್ಪ ಬಾಗಿಲು ತೆರೆಯುತ್ತದೆ. ಒಳಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿ. ಮೂಗಿನೊಳಗಿನ ಕೂದಲು ಮುಳ್ಳಿನಂತೆ ನಿಂತುಕೊಳ್ಳುವುದು ಎಂದರೇನು ಎಂದು ನನಗೆ ಮೊದಲ ಉಸಿರಿಗೇ ತಿಳಿಯುತ್ತದೆ. ಅಕ್ಕ ಮಾತ್ರ ತಮ್ಮ ಅಡುಗೆಮನೆಗೆ ಹೊಕ್ಕಷ್ಟು ಸಲೀಸಾಗಿ ಹೋಗಿ ದೀಪ ಹಾಕುತ್ತಾರೆ.

ಇವತ್ತು ಅವರು ಬೆರಳಗಲದ ಒಂದೇ ಒಂದು ಪಟ್ಟಿ ಹಿಮ ಕೊಯ್ಯಬೇಕು. ಆ ಪಟ್ಟಿ ಅವರದೇ ಒಂದು ತಪ್ಪಿಗೆ ಸಾಕ್ಷಿ ಹೇಳಬಹುದು, ಹೇಳದೆಯೂ ಇರಬಹುದು. ಹೇಳಲಿ ಎಂಬುದೇ ಅಕ್ಕನ ಆಸೆ. ತನ್ನ ತಪ್ಪು ಸಾಬೀತಾಗಲಿ ಎಂದು ಹಂಬಲಿಸುವ ಮನುಷ್ಯರನ್ನು ನಾನು ಈವರೆಗೆ ಕಂಡಿಲ್ಲ. ಅದಕ್ಕೇ ಇಷ್ಟು ಬೆಳಗ್ಗೆ, ಹಲ್ಲು ಕಟಕಟಿಸುತ್ತ, ಇಲ್ಲಿ ನಿಂತಿದ್ದೇನೆ.

ಕೋಣೆಯ ಎರಡೂ ಬದಿಗೆ ಸೂರು ಮುಟ್ಟುವ ಕಪಾಟುಗಳು. ಅವುಗಳ ತುಂಬ ಬೆಳ್ಳಿಬಣ್ಣದ ಉದ್ದುದ್ದ ಕೊಳವೆಗಳು. ಒಂದೊಂದರೊಳಗೂ ತೋಳಿನಷ್ಟು ಉದ್ದದ ಹಿಮದ ದಿಂಡು. ಭೂಮಿಯ ತುದಿಯಲ್ಲಿ, ಎಂದೂ ಕರಗದ ಹಿಮದ ಬಯಲಿನಲ್ಲಿ, ಆಳಕ್ಕೆ ಕೊರೆದು ತೆಗೆದು ಹಡಗಿನಲ್ಲಿ ತಂದ ದಿಂಡುಗಳಿವು. ಅಲ್ಲಿ ಪ್ರತಿವರ್ಷ ಬೀಳುವ ಹಿಮ ಹಿಂದಿನ ವರ್ಷದ ಹಿಮದ ಮೇಲೆ ಕೂರುತ್ತದೆ. ಹಾಗೆ ಸಾವಿರಾರು ವರ್ಷ ಕೂತು ಕೂತು ಕಲ್ಲಿನಂತಾಗಿದೆ. ಮೇಲಿನ ತುದಿ ಹೊಸದು, ಕೆಳಗಿನ ತುದಿ ಹಳೆಯದು. ಇಲ್ಲಿಯ ಭಾಷೆಯಲ್ಲಿ ಮೇಲಿನದು ತಲೆ, ಕೆಳಗಿನದು ಬುಡ.

ಇದರಲ್ಲಿ ಸೂರ್ಯನಿಗೇನು ಕೆಲಸ ಎಂದು ನಾನೂ ಕೇಳಿದೆ. ಸೂರ್ಯ ಆಗೊಮ್ಮೆ ಈಗೊಮ್ಮೆ ಸಿಟ್ಟಿಗೇಳುತ್ತಾನಂತೆ. ಅವನ ಮೈಯಿಂದ ಸಿಡಿದ ಕಣಗಳ ಬಿರುಗಾಳಿ ನಮ್ಮ ಭೂಮಿಯ ಮೇಲುಗಡೆಯ ಗಾಳಿಗೆ ಬಡಿದಾಗ ಅಲ್ಲಿ ಒಂದು ಅಪರೂಪದ ಧೂಳು ಹುಟ್ಟುತ್ತದೆ. ವಿಜ್ಞಾನಿಗಳು ಅದಕ್ಕೆ ಬೆರಿಲಿಯಂ-ಹತ್ತು ಎನ್ನುತ್ತಾರೆ. ಅದು ಹಿಮದ ಜೊತೆ ಇಳಿದು ಆ ವರ್ಷದ ಪದರದಲ್ಲಿ ಕೂತುಬಿಡುತ್ತದೆ. ಕಣ್ಣಿಗೆ ಕಾಣದು, ನಾಲಿಗೆಗೆ ತಾಗದು. ಹಿಮವನ್ನು ಕರಗಿಸಿ, ಸೋಸಿ, ಒಣಗಿಸಿ, ಸುಟ್ಟು, ಚಿಟಿಕೆಗಿಂತ ಕಡಿಮೆ ಪುಡಿ ಮಾಡಿ ಬೇರೆ ಊರಿನ ದೊಡ್ಡ ಯಂತ್ರವೊಂದಕ್ಕೆ ಕೊಟ್ಟರೆ, ಅದು ಆ ಧೂಳನ್ನು ಎಣಿಸಿ ಹೇಳುತ್ತದೆ. ಎಣಿಕೆ ಎಲ್ಲಿ ದಿಢೀರನೆ ಏರಿದೆಯೋ ಅಲ್ಲಿ ಹಳೆಯ ಬಿರುಗಾಳಿಯ ಗುರುತು.

"ಅಂಥ ದೊಡ್ಡ ಬಿರುಗಾಳಿ ಇವತ್ತು ಬಂದ್ರೆ ಉಪಗ್ರಹ, ಕರೆಂಟು, ವಿಮಾನ, ನಿಮ್ಮ ಫೋನು, ಯಾವುದೂ ನೆಟ್ಟಗಿರಲ್ಲ," ಎನ್ನುತ್ತಾರೆ ಇಲ್ಲಿಯ ಮುಖ್ಯ ವಿಜ್ಞಾನಿ. ಎಲ್ಲರೂ ಅವರನ್ನು ಮೇಡಂ ಎಂದಷ್ಟೇ ಕರೆಯುತ್ತಾರೆ. "ಅದು ಎಷ್ಟು ವರ್ಷಕ್ಕೊಮ್ಮೆ ಬರುತ್ತೆ, ಎಷ್ಟು ಜೋರಾಗಿ ಬರುತ್ತೆ ಅಂತ ಗೊತ್ತಾಗಬೇಕಲ್ಲ? ನಾವು ಸೂರ್ಯನನ್ನ ಯಂತ್ರ ಇಟ್ಟು ನೋಡೋಕೆ ಶುರು ಮಾಡಿದ್ದೇ ನಿನ್ನೆ ಮೊನ್ನೆ. ಹಳೇದನ್ನ ಕೇಳಬೇಕು ಅಂದ್ರೆ ಮರದ ಉಂಗುರಗಳನ್ನ ಕೇಳಬೇಕು, ಇಲ್ಲಾ ಈ ಹಿಮವನ್ನ ಕೇಳಬೇಕು."

ಹಿಮವನ್ನು ಕೇಳುವವರು ಹಲವರಿದ್ದಾರೆ. ಅವರ ಹೆಸರು ದೊಡ್ಡ ದೊಡ್ಡ ಪತ್ರಿಕೆಗಳಲ್ಲಿ ಬರುತ್ತದೆ. ಕೇಳುವ ಮೊದಲು ಅದನ್ನು ಕೊಯ್ದು ಕೊಡುವವರು ಗರಗಸದಕ್ಕ. ಅವರ ಹೆಸರು ಎಲ್ಲಿಯೂ ಬಂದಿಲ್ಲ. ಇಲ್ಲಿಯೂ ಬೇಡ ಎಂದು ಅವರೇ ಹೇಳಿದ್ದರಿಂದ ಈ ಲೇಖನದಲ್ಲಿಯೂ ಬರುವುದಿಲ್ಲ.

ಅಕ್ಕ ಇಲ್ಲಿಗೆ ಬಂದದ್ದು ಮೀನಿನ ಕಾರ್ಖಾನೆಯಿಂದ. ಹದಿಹರೆಯ ಮುಗಿಯುವ ಮೊದಲೇ ತಂದೆ ತೀರಿಕೊಂಡರು. ತಾಯಿಯ ಹೊಲಿಗೆ ಮನೆಗೆ ಸಾಲದು. ಹೆಪ್ಪುಗಟ್ಟಿಸಿದ ದೊಡ್ಡ ಮೀನುಗಳನ್ನು ಪಟ್ಟಿ ಗರಗಸದಲ್ಲಿ ಕೊಯ್ದು ಪೊಟ್ಟಣ ಮಾಡುವ ಕೆಲಸ ಸಿಕ್ಕಿತು. "ಮೊದಲ ದಿನ ಮನೆಗೆ ಹೋದಾಗ ನಮ್ಮ ಬೀದಿ ಬೆಕ್ಕುಗಳೆಲ್ಲ ಹಿಂದೆ ಬಂದಿದ್ವು," ಎಂದು ಅಕ್ಕ ಈಗ ನಗುತ್ತಾರೆ. ಆಗ ನಗುವ ಹಾಗಿರಲಿಲ್ಲ. ಕೈಯ ವಾಸನೆಗೆ ಸಂಬಂಧ ನೋಡಲು ಬಂದವರು ಎದ್ದು ಹೋದದ್ದೂ ಉಂಟು. ಕೊನೆಗೆ ಒಪ್ಪಿದವನು ಬೇಕರಿಯಲ್ಲಿ ಬ್ರೆಡ್ ಸುಡುವ ಹುಡುಗ. "ಅವನ ಮೂಗು ಒಲೆ ಹೊಗೆಗೆ ಯಾವಾಗಲೋ ಸತ್ತುಹೋಗಿತ್ತು. ನನ್ನ ಪುಣ್ಯ."

ಕಾರ್ಖಾನೆ ಮುಚ್ಚಿದ ವರ್ಷ ಯಾರೋ ಹೇಳಿದರು, ಸಂಶೋಧನಾಲಯದವರು ಚಳಿಯಲ್ಲಿ ಗರಗಸ ಹಿಡಿಯುವವರನ್ನು ಹುಡುಕುತ್ತಿದ್ದಾರೆ ಎಂದು. ಸಂದರ್ಶನದಲ್ಲಿ ಒಂದು ತುಂಡು ಹಿಮ ಕೊಟ್ಟು, ಉದ್ದಕ್ಕೆ ಸರಿಯಾಗಿ ನಡುವೆ ಸೀಳಿ ಎಂದರಂತೆ. ಸೀಳಿದರು. ಎರಡು ಹೋಳನ್ನೂ ತೂಗಿ ನೋಡಿದ ಮೇಡಂ ನಾಳೆಯಿಂದಲೇ ಬನ್ನಿ ಎಂದರು. ಮೇಡಂ ಆಗ ಹೊಸದಾಗಿ ಕೆಲಸಕ್ಕೆ ಸೇರಿದವರು. ಇಬ್ಬರ ತಲೆಯೂ ಈಗ ಒಟ್ಟಿಗೇ ನೆರೆಯುತ್ತಿದೆ.

ದಿನಕ್ಕೆ ಇಪ್ಪತ್ತರಿಂದ ಮೂವತ್ತು ದಿಂಡು. ಒಂದೊಂದನ್ನೂ ಉದ್ದಕ್ಕೆ ನಾಲ್ಕು ಪಾಲು ಮಾಡಬೇಕು. ಒಂದು ಗಾಳಿಗುಳ್ಳೆ ನೋಡುವವರಿಗೆ, ಒಂದು ಮಣ್ಣಿನ ಧೂಳು ನೋಡುವವರಿಗೆ, ನಟ್ಟನಡುವಿನ ಚೊಕ್ಕ ಪಾಲು ಸೂರ್ಯನ ಧೂಳು ಹುಡುಕುವ ಮೇಡಂಗೆ. ನಾಲ್ಕನೆಯ ಪಾಲನ್ನು ಯಾರೂ ಮುಟ್ಟಬಾರದು. ಅದು ಮುಂದೆ ಹುಟ್ಟುವವರಿಗಾಗಿ, ನಮಗೆ ಗೊತ್ತಿಲ್ಲದ ಪ್ರಶ್ನೆಗಳಿಗಾಗಿ ಎತ್ತಿಟ್ಟ ಪಾಲು. ಇಷ್ಟು ಮಾಡುವಾಗ ಗರಗಸದ ಹಲ್ಲಿಗೆ ಸಿಕ್ಕಿ ಪುಡಿಯಾಗುವ ಹಿಮವನ್ನೂ ಅಕ್ಕ ಲೆಕ್ಕ ಇಡುತ್ತಾರೆ. ಮನೆಯಲ್ಲಿ ಅನ್ನದ ಅಗುಳು ಚೆಲ್ಲಿದರೆ ಅಜ್ಜಿಯರು ನೋಡುವ ನೋಟ ಉಂಟಲ್ಲ, ಆ ನೋಟದಲ್ಲಿ ಅವರು ಆ ಪುಡಿಯನ್ನು ನೋಡುತ್ತಾರೆ.

ಈ ಕೆಲಸದ ಕಷ್ಟ ಚಳಿಯಲ್ಲ ಎಂದು ನನಗೆ ಅರ್ಥವಾದದ್ದು ಅವರು ಒಂದು ದಿಂಡನ್ನು ಮುಂದಿಟ್ಟು ವಿವರಿಸಿದಾಗ. ಇಡೀ ದಿಂಡಿನ ಹೊರಮೈ ಮೇಲೆ ತಲೆಯ ಕಡೆಗೆ ಬಾಣದ ಗುರುತು ಇರುತ್ತದೆ. ಆದರೆ ಗರಗಸ ಒಳಗಿಳಿದು ನಡುವಿನ ಪಾಲು ಹೊರಬಂತೆನ್ನಿ, ಅದರ ಮೈಮೇಲೆ ಯಾವ ಗುರುತೂ ಇಲ್ಲ. ಎರಡು ತುದಿಯೂ ಒಂದೇ ಥರ, ಗಾಜಿನ ಹಾಗೆ. ಎದುರಿಗಿರುವವರು ಅದನ್ನು ಹಿಡಿದು ಹೊಸ ಬಾಣ ಬರೆಯುವವರೆಗೆ, ಆ ಒಂದೆರಡು ಕ್ಷಣ, ಆ ಹಿಮದ ತಲೆ ಬುಡ ಇರುವುದು ಇಬ್ಬರ ಬಾಯಲ್ಲಿ ಮಾತ್ರ. ಅದಕ್ಕೇ ಇವರಲ್ಲೊಂದು ಪದ್ಧತಿ. ಕೊಡುವವರು "ತಲೆ ಎಲ್ಲಿ?" ಎಂದು ಕೇಳಬೇಕು. ತೆಗೆದುಕೊಳ್ಳುವವರು "ತಲೆ ನನ್ನ ಕಡೆ" ಅಥವಾ "ತಲೆ ನಿನ್ನ ಕಡೆ" ಎಂದು ಬಾಯಿಬಿಟ್ಟು ಹೇಳಬೇಕು. ಹೇಳುವವರೆಗೆ ಕೊಡುವವರು ಕೈ ಬಿಡುವಂತಿಲ್ಲ.

ತೆಗೆದುಕೊಳ್ಳುವವರು ಗುಡುಗಣ್ಣ. ಮೈ ಸಣಕಲು, ಗಂಟಲು ಮಾತ್ರ ಆಳೆತ್ತರ. ಅವರು ಮೆಲ್ಲಗೆ ಮಾತಾಡಿದರೆ ಪಕ್ಕದ ಕಟ್ಟಡದವರು ಏನಾಯಿತು ಎಂದು ಕೇಳುತ್ತಾರೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ಜೋಡಿ ದಿನವೂ ಹತ್ತಾರು ಸಲ ಹೀಗೆ ಕೇಳಿ ಹೇಳಿ ಮಾಡುತ್ತಿದೆ. ಬೇಸರ ಬರಲ್ವಾ ಎಂದರೆ ಗುಡುಗಣ್ಣ, "ಮನೇಲಿ ಹೆಂಡ್ತಿ ಬೀಗ ಹಾಕಿದ್ರಾ ಅಂತ ದಿನಾ ಕೇಳಲ್ವಾ? ಕೇಳಿದ್ದಕ್ಕೇ ಕಳ್ಳ ಬಂದಿಲ್ಲ," ಎನ್ನುತ್ತಾರೆ.

ಕಳ್ಳ ಬಂದದ್ದು ಕೆಲವು ವರ್ಷಗಳ ಹಿಂದೆ, ಬಿರುಕು ಹಿಮದ ಕಾಲದಲ್ಲಿ. ಒಂದು ಆಳದಲ್ಲಿ ಸಿಗುವ ಹಿಮಕ್ಕೆ ಒಳಗಿನ ಗಾಳಿಗುಳ್ಳೆಗಳ ಒತ್ತಡ ವಿಪರೀತ. ಮುಟ್ಟಿದರೆ ಸಿಡಿಯುತ್ತದೆ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಎಂಬ ಮಾತು ಯಾರಾದರೂ ಇದಕ್ಕೇ ಹೇಳಿದ್ದಿರಬಹುದು. ಆವತ್ತು ಗುಡುಗಣ್ಣನಿಗೆ ನೆಗಡಿ ಬಂದು ಗಂಟಲು ಪೂರಾ ಕಟ್ಟಿತ್ತು. ಅವರ ಜೀವಮಾನದಲ್ಲಿ ಅದೊಂದೇ ವಾರ ಕಟ್ಟಡ ಶಾಂತವಾಗಿತ್ತಂತೆ. ಗರಗಸ ಇಳಿಯುತ್ತಿದ್ದ ಹಾಗೆ ದಿಂಡು ಟಿಕ್ ಟಿಕ್ ಎನ್ನತೊಡಗಿತು. ಮಣ್ಣಿನ ಧೂಳಿನವರ ಪಾಲು, ಗಾಳಿಗುಳ್ಳೆಯವರ ಪಾಲು, ಎರಡೂ ಮೇಜಿನ ಮೇಲೇ ಚೂರುಚೂರಾದವು. ಉಳಿದದ್ದು ಮೇಡಂ ಪಾಲು, ಮತ್ತೆ ಆ ಮುಟ್ಟಬಾರದ ಪಾಲು. ಮೇಡಂ ಪಾಲೂ ಒಡೆಯುವ ಮೊದಲು ತಟ್ಟೆ ಸೇರಲಿ ಎಂದು ಅಕ್ಕ ಅವಸರ ಮಾಡಿದರು. "ತಲೆ ಎಲ್ಲಿ?" ಎಂದು ಕೇಳಿದರು. ಗುಡುಗಣ್ಣ ಹೂಂ ಎಂದು ತಲೆ ಆಡಿಸಿದರು. ಅಕ್ಕ ಕೈ ಬಿಟ್ಟರು.

"ಎಲ್ಲಿ ಅಂತ ಕೇಳಿದ್ದಕ್ಕೆ ಹೂಂ ಅಂದ್ರೆ ಏನರ್ಥ ಹೇಳಿ," ಎನ್ನುತ್ತಾರೆ ಅಕ್ಕ. "ಊರು ಯಾವುದು ಅಂದ್ರೆ ಹೌದು ಅಂದ ಹಾಗಾಯ್ತು. ಆಗಲೇ ನಂಗೆ ಗೊತ್ತಾಗಬೇಕಿತ್ತು. ಅವನಿಗೆ ಗಂಟಲಿರಲಿಲ್ಲ, ನಂಗೆ ಬುದ್ಧಿ ಇರಲಿಲ್ಲ."

"ತಪ್ಪು ನಂದು," ಎಂದು ಗುಡುಗಣ್ಣ ಕೋಣೆಯ ಆ ತುದಿಯಿಂದ ಕೂಗುತ್ತಾರೆ. "ನಾನು ಕೈ ಮಾಡಿ ತೋರಿಸಬಹುದಿತ್ತು."

"ಗರಗಸ ನನ್ನ ಕೈಲಿತ್ತು. ಬಿಟ್ಟಿದ್ದು ನಾನು."

ತಪ್ಪಿಗಾಗಿ ಇಬ್ಬರು ಹೀಗೆ ಜಗ್ಗಾಡುವುದನ್ನು ನೋಡಿ ನನಗೆ ನಗುವೂ ಬರುತ್ತದೆ, ಏನೋ ಒಂದು ಬಗೆಯ ಅಸೂಯೆಯೂ ಆಗುತ್ತದೆ. ನಮ್ಮ ಕಚೇರಿಯಲ್ಲಿ ತಪ್ಪು ನಡೆದರೆ ಅದು ಯಾವತ್ತೂ ರಜೆಯಲ್ಲಿರುವವರದು.

ಆ ದಿನ ಯಾರಿಗೂ ಏನೂ ಅನ್ನಿಸಲಿಲ್ಲ. ತುಂಡಿಗೆ ಬಾಣ ಬಿತ್ತು, ಅದು ಮೇಡಂ ಕೈ ಸೇರಿತು. ಆ ಆಳದ ಹಿಮದ ಸರದಿ ಬಂದು, ಅದು ಕರಗಿ, ಪುಡಿಯಾಗಿ, ಯಂತ್ರದಿಂದ ಎಣಿಕೆ ಬಂದದ್ದು ಈಚೆಗೆ. ಎಣಿಕೆ ನೋಡಿದ ಮೇಡಂ ಊಟ ಬಿಟ್ಟು ಕೂತರು. ಆ ಕಾಲದ ಮರಗಳ ಉಂಗುರಗಳಲ್ಲಿ ಒಂದು ದೊಡ್ಡ ಬಿರುಗಾಳಿಯ ಸುಳಿವು ಇತ್ತು. ಹಿಮದಲ್ಲಿಯೂ ಅದೇ ವರ್ಷಗಳಲ್ಲಿ ಧೂಳು ಹೆಚ್ಚಿದೆ, ನಿಜ. ಆದರೆ ಆಕಾರ ವಿಚಿತ್ರ. ಸೂರ್ಯನ ಧೂಳು ಹೇಗೆ ಬೀಳುತ್ತದೆ ಎಂಬುದನ್ನು ಅಕ್ಕ ನನಗೆ ಹೇಳಿದ್ದು ತಮ್ಮ ಗಂಡನ ಬೇಕರಿಯ ಲೆಕ್ಕದಲ್ಲಿ. "ಹಿಟ್ಟಿನ ಚೀಲ ಕೈಜಾರಿ ಬಿತ್ತು ಅಂದ್ಕೊಳ್ಳಿ. ಒಂದೇ ಸಲ ಭುಸ್ ಅಂತ ಏಳುತ್ತೆ. ಆಮೇಲೆ ನಿಧಾನಕ್ಕೆ ಕೂರುತ್ತೆ, ಸಂಜೆವರೆಗೂ ಕೂರ್ತಾನೇ ಇರುತ್ತೆ. ಸೂರ್ಯಂದೂ ಹಾಗೇ ಅಂತೆ. ಮೊದಲ ವರ್ಷ ಜಾಸ್ತಿ, ಆಮೇಲೆರಡು ಮೂರು ವರ್ಷ ಸ್ವಲ್ಪ ಸ್ವಲ್ಪ. ಈ ತುಂಡಲ್ಲಿ ನೋಡಿದ್ರೆ ಮೊದಲು ಸ್ವಲ್ಪ ಸ್ವಲ್ಪ ಏರಿ, ಕೊನೇಲಿ ದಿಢೀರ್ ಅಂತ ನಿಂತುಹೋಗಿತ್ತು. ಚೀಲ ಬೀಳೋ ಮೊದಲೇ ಹಿಟ್ಟು ಹಾರೋಕೆ ಆಗುತ್ತಾ?"

ಎರಡೇ ದಾರಿ. ಒಂದೋ, ಇದು ಸೂರ್ಯನ ಬಿರುಗಾಳಿಯೇ ಅಲ್ಲ, ಬೇರೆ ಏನೋ. ಹಾಗಾದರೆ ಮೇಡಂ ಮತ್ತು ಅವರ ತಂಡದ ಇಷ್ಟು ವರ್ಷಗಳ ಹುಡುಕಾಟ ಮಣ್ಣುಪಾಲು. ಇಲ್ಲವೋ, ಆ ತುಂಡು ತಲೆಕೆಳಗಾಗಿದೆ. ಮೇಡಂ ಮೆಟ್ಟಿಲಿಳಿದು ಬಂದು ಅಕ್ಕನ ಮುಂದೆ ನಿಂತು, ಬೈಯದೆ, ಸುಮ್ಮನೆ ಕೇಳಿದರು: ಇದು ಉಲ್ಟಾ ಆಗಿರಬಹುದಾ?

"ನಂಗೆ ನೆನಪಿಲ್ಲ ಅಂದೆ. ಸುಳ್ಳಲ್ಲ, ನಿಜವಾಗಲೂ ನೆನಪಿರಲಿಲ್ಲ," ಎನ್ನುತ್ತಾರೆ ಅಕ್ಕ. "ಮನೆಗೆ ಹೋಗಿ ಪಾತ್ರೆ ತೊಳೀತಾ ಇದ್ದೆ. ಗಂಡ ಗಂಟಲು ನೋವು ಅಂತ ಕೈಸನ್ನೆ ಮಾಡಿದ. ಆಗ ಆವತ್ತಿನ ಗುಡುಗನ ಮುಖ ಕಣ್ಮುಂದೆ ಬಂತು ನೋಡಿ. ತಟ್ಟೆ ಕೈಯಿಂದ ಜಾರಿಹೋಯ್ತು."

ಆ ರಾತ್ರಿಯಿಂದ ಅಕ್ಕನಿಗೆ ಒಂದೇ ಚಿಂತೆ. ಇದೊಂದು ತಪ್ಪಿದ್ದರೆ ಇನ್ನೆಷ್ಟು ತಪ್ಪಿರಬಹುದು? ಸಾವಿರಾರು ತುಂಡುಗಳಿಗೆ ತಲೆ ಇಲ್ಲಿ, ಬುಡ ಇಲ್ಲಿ ಎಂದು ಹೇಳಿ ಕೊಟ್ಟವರು ಅವರು. ಅವರ ಮಾತು ನಂಬಿ ಯಾರ್ಯಾರೋ ಏನೇನೋ ಬರೆದಿದ್ದಾರೆ. ಹಾಗೆಂದು ಇದು ತಪ್ಪಲ್ಲ ಎಂದಾಗಲಿ ಎಂದು ಹಾರೈಸುವಂತೆಯೂ ಇಲ್ಲ, ಹಾಗಾದರೆ ಮೇಡಂ ಹುಡುಕಿದ ಸೂರ್ಯ ಕೈತಪ್ಪಿ ಹೋಗುತ್ತಾನೆ. ಅತ್ತ ದರಿ ಇತ್ತ ಪುಲಿ ಎಂಬ ಸ್ಥಿತಿ. ಅಕ್ಕ ಯೋಚಿಸಿ ಒಂದು ಕಡೆ ಆರಿಸಿಕೊಂಡರು. "ತಪ್ಪು ನಂದೇ ಆಗಿರಲಿ ಅಂದ್ಕೊಂಡೆ. ನನ್ನ ತಪ್ಪನ್ನ ತಿದ್ದಬಹುದು. ಹಿಮದಲ್ಲಿ ಇಲ್ಲದ್ದನ್ನ ತರೋಕಾಗಲ್ಲ."

ನಾನು ಮೇಡಂ ಹತ್ತಿರ ಜಾಣನಂತೆ ಒಂದು ಪ್ರಶ್ನೆ ಕೇಳಿದೆ. ಉಲ್ಟಾ ಎನ್ನಿಸಿದರೆ ಕಂಪ್ಯೂಟರಿನಲ್ಲಿ ಅಂಕಿಗಳನ್ನು ತಿರುಗಿಸಿದರೆ ಮುಗಿಯಿತಲ್ಲ? ಮೇಡಂ ನನ್ನನ್ನು ಕರುಣೆಯಿಂದ ನೋಡಿದರು. "ತಿರುಗಿಸಬಹುದು. ನನಗೆ ಬೇಕಾದ ಹಾಗೆ ತಿರುಗಿಸ್ಕೊಂಡು, ನೋಡಿ ಬಿರುಗಾಳಿ ಸಿಕ್ತು ಅಂದ್ರೆ ಅದು ಸೂರ್ಯನ ಕಥೆ ಆಗಲ್ಲ, ನನ್ನ ಕಥೆ ಆಗುತ್ತೆ." ಬೇರೆ ಪಾಲುಗಳು ಆವತ್ತೇ ಪುಡಿಯಾಗಿದ್ದವು. ಉಳಿದದ್ದು ಮುಟ್ಟಬಾರದ ಪಾಲೊಂದೇ. ಅದರ ಹೊರಮೈ ಮೇಲೆ, ಹಿಮ ಕೊರೆದ ಜಾಗದಲ್ಲೇ ಬರೆದ ಮೊದಲ ಬಾಣ ಇನ್ನೂ ಇದೆ. ಆ ಪಾಲನ್ನು ಕಾಯುವ ಸಂಶೋಧನಾಲಯದ ಮಂಡಳಿಯವರು ಮೂರು ಸಲ ಸಭೆ ಸೇರಿ, ಕೊನೆಗೆ ಬೆರಳಗಲದ ಒಂದು ಪಟ್ಟಿ ತೆಗೆಯಲು ಒಪ್ಪಿದರು. ಒಂದೇ ಸಲ. ಒಡೆದರೆ ಇನ್ನೊಂದಿಲ್ಲ.

ಅಕ್ಕನ ಕೈಗಳ ಸಂಗತಿಯನ್ನೂ ಇಲ್ಲಿ ಹೇಳಬೇಕು. ಚಳಿಯಲ್ಲಿ ತುಸು ಹೊತ್ತು ಕಳೆದರೆ ಅವರ ಬೆರಳುಗಳು ತುದಿಯಿಂದ ಬಿಳಿಚಿಕೊಳ್ಳುತ್ತ ಬರುತ್ತವೆ, ಮೇಣದಬತ್ತಿಯ ಹಾಗೆ. ಆಗ ಸೂಜಿ ಚುಚ್ಚಿದರೂ ತಿಳಿಯುವುದಿಲ್ಲ. ವೈದ್ಯರು ಇನ್ನು ಸಾಕು, ಈ ಚಳಿಗಾಲ ಮುಗಿದ ಮೇಲೆ ಒಳಗೆ ಕಾಲಿಡಬೇಡಿ ಎಂದಿದ್ದಾರೆ. ಮನೆಯಲ್ಲಿ ಗಂಡ ದಿನವೂ ಸಂಜೆ ಬಿಸಿನೀರಿನ ಬೋಗುಣಿ ಹಿಡಿದು ಕಾಯುತ್ತಾರೆ. "ಅವನು ಇಡೀ ದಿನ ಬೇಯ್ತಾನೆ, ನಾನು ಹೆಪ್ಪುಗಟ್ತೀನಿ. ಇಬ್ರೂ ಮನೆ ಸೇರಿದ್ರೆ ಹದವಾದ ಬಿಸಿ ಇರುತ್ತೆ," ಎಂದು ಒಂದು ಸಂಜೆ ಅವರ ಮನೆಗೆ ಹೋದ ನನಗೆ ಅಕ್ಕ ಹೇಳುವಾಗ ಗಂಡ ಮುಖ ಕೆಂಪು ಮಾಡಿಕೊಂಡು ಬ್ರೆಡ್ಡು ಕತ್ತರಿಸುತ್ತ ಕೂರುತ್ತಾರೆ. ಅತ್ತೆಗೆ ಮಾತ್ರ ಸೊಸೆ ಏನು ಮಾಡುತ್ತಾಳೆಂದು ಇವತ್ತಿಗೂ ಗೊತ್ತಿಲ್ಲ. ನನ್ನ ಕಿವಿಯ ಹತ್ತಿರ ಬಂದು ದೂರು ಹೇಳಿದರು. "ಇಷ್ಟು ವರ್ಷದಿಂದ ಐಸ್‌ಕ್ರೀಂ ಕಾರ್ಖಾನೇಲಿ ದುಡೀತಾಳೆ. ಒಂದು ದಿನ ಒಂದು ಕಪ್ ತಂದು ಕೊಟ್ಟಿದ್ದಿದ್ರೆ ಕೇಳಿ."

ಈಗ ಕೋಣೆಯಲ್ಲಿ ನಾಲ್ವರು. ಅಕ್ಕ, ಗುಡುಗಣ್ಣ, ಮೇಡಂ, ಮೂಲೆಯಲ್ಲಿ ನಾನು. ಕೊಳವೆಯಿಂದ ಹೊರಬಂದ ಪಾಲು ಮೇಜಿನ ಮೇಲಿದೆ. ಅರ್ಧಚಂದ್ರದಂಥ ಬೆನ್ನು, ಅದರ ಮೇಲೆ ಮಾಸಿದ ಬಾಣ. ಇಷ್ಟು ವರ್ಷ ಅಲುಗಾಡದೆ ಮಲಗಿದ್ದರಿಂದ ಇದರ ಸಿಡುಕು ಸ್ವಲ್ಪ ಕಡಿಮೆಯಾಗಿದೆಯಂತೆ. ಪೂರಾ ಹೋಗಿಲ್ಲ. ಅಕ್ಕ ಹೊರಗಿನ ದಪ್ಪ ಕೈಗವಸು ತೆಗೆದು, ಕೈಗಳನ್ನು ಕೋಟಿನೊಳಗೆ ಕಂಕುಳಲ್ಲಿ ಇಟ್ಟುಕೊಂಡು ನಿಂತುಬಿಡುತ್ತಾರೆ. ಯಾರೂ ಅವಸರ ಮಾಡುವುದಿಲ್ಲ. ಬೆರಳಿಗೆ ಪೂರ್ತಿ ಅರಿವು ಬಂದ ಮೇಲೆ ತೆಳುವಾದ ಕೈಗವಸು ಹಾಕಿಕೊಂಡು ಗರಗಸದ ಗುಂಡಿ ಒತ್ತುತ್ತಾರೆ.

ಗರಗಸದ ಸದ್ದು ಕೋಣೆ ತುಂಬುತ್ತದೆ. ಹಿಮ ಅದರ ಕಡೆಗೆ ಕೂದಲೆಳೆಯಷ್ಟೇ ಜರುಗುತ್ತದೆ. ಅಕ್ಕ ಗರಗಸದ ಅಲಗನ್ನು ನೋಡುತ್ತಿಲ್ಲ, ತಲೆ ವಾಲಿಸಿ ಸದ್ದು ಕೇಳುತ್ತಿದ್ದಾರೆ. ಕಾಲು ಭಾಗ. ಅರ್ಧ. ಮೇಡಂ ಕಣ್ಣು ಮುಚ್ಚಿಕೊಂಡಿದ್ದಾರೆ. ಟಿಕ್ ಎಂದು ಒಂದು ಸಣ್ಣ ಶಬ್ದ. ಅಕ್ಕ ಕೈ ನಿಲ್ಲಿಸಿ, ಕಾದು, ಮತ್ತೆ ಜರುಗಿಸುತ್ತಾರೆ. ಗರಗಸ ಆ ತುದಿ ಮುಟ್ಟಿ ಪಟ್ಟಿ ಬಿಡಿಸಿಕೊಂಡ ಕ್ಷಣವೇ ಟಪ್ ಎಂದು ಅದು ನಡುವೆ ತುಂಡಾಗುತ್ತದೆ. ಮಗ್ಗುಲಾಗಿ ಉರುಳುವ ಮೊದಲೇ ಅಕ್ಕ ಒಂದೊಂದು ಕೈಯಲ್ಲಿ ಒಂದೊಂದು ತುಂಡನ್ನು ಅಮುಕಿ ಹಿಡಿಯುತ್ತಾರೆ. ಎರಡು ತುಂಡಿಗೂ ಬಾಣವಿಲ್ಲ. ಯಾವುದು ಮೇಲಿನದು, ಯಾವುದು ಕೆಳಗಿನದು, ಯಾವುದರ ತಲೆ ಯಾವ ಕಡೆ ಎಂಬುದು ಈಗ ಅವರ ಎರಡು ಅಂಗೈಗೆ ಮಾತ್ರ ಗೊತ್ತು.

"ಗರಗಸ ಆಫ್ ಮಾಡಿ," ಎನ್ನುತ್ತಾರೆ. ಮೇಡಂ ಆಫ್ ಮಾಡುತ್ತಾರೆ. ಗುಡುಗಣ್ಣ ಪೆನ್ಸಿಲ್ ಹುಡುಕುತ್ತಾರೆ. ಅವಸರದಲ್ಲಿ ಪೆನ್ಸಿಲ್ ಕೈಜಾರಿ ಕೆಳಗೆ ಬಿದ್ದು ಕಪಾಟಿನಡಿ ಉರುಳಿಹೋಗುತ್ತದೆ. ನನ್ನ ಕೈಯಲ್ಲಿ ಅಕ್ಕ ಕೊಟ್ಟ ಮೋಟು ಪೆನ್ಸಿಲ್ ಇದೆ ಎಂಬುದು ನನಗೇ ತಡವಾಗಿ ಹೊಳೆಯುತ್ತದೆ. ಅಷ್ಟು ಹೊತ್ತೂ ಅಕ್ಕ ಅಲುಗುವುದಿಲ್ಲ. ತೆಳುವಾದ ಕೈಗವಸಿನೊಳಗೆ ಬೆರಳುಗಳಿಗೆ ಏನಾಗುತ್ತಿದೆ ಎಂದು ಎಲ್ಲರಿಗೂ ಗೊತ್ತು. ಮೇಡಂ, "ನಾನು ಹಿಡೀಲಾ?" ಎನ್ನುತ್ತಾರೆ. "ಬೇಡ. ಕೈ ಬದಲಾದ್ರೆ ಮತ್ತೆ ಅನುಮಾನ."

ನಾನು ಕೊಟ್ಟ ಪೆನ್ಸಿಲ್ ಹಿಡಿದು ಗುಡುಗಣ್ಣ ಬಗ್ಗುತ್ತಾರೆ. ಅಕ್ಕ ಎಡಗೈ ಕಡೆ ಕಣ್ಣಿಟ್ಟು ಕೇಳುತ್ತಾರೆ. "ತಲೆ ಎಲ್ಲಿ?"

"ತಲೆ ನನ್ನ ಕಡೆ!"

"ಮೆಲ್ಲಗೆ ಮಾರಾಯ, ಹಿಮ ಬೆದರುತ್ತೆ. ಇದರದ್ದು?"

"ಇದೂ ನನ್ನ ಕಡೆ," ಎಂದು ಗುಡುಗಣ್ಣ ಪಿಸುಗುಟ್ಟುತ್ತಾರೆ. ಅವರು ಪಿಸುಗುಟ್ಟಿದ್ದನ್ನು ಕೇಳಿದವರು ಬಹುಶಃ ನಾವು ಮೂವರೇ. ಎರಡು ಬಾಣ ಬೀಳುತ್ತವೆ, ಅಂಕಿ ಬೀಳುತ್ತದೆ. ಅಕ್ಕ ಕೈ ಎತ್ತುತ್ತಾರೆ. ಹೊರಗೆ ಬಂದು ಕೈಗವಸು ಬಿಚ್ಚಿದಾಗ ಬೆರಳುಗಳು ಎರಡನೇ ಗೆಣ್ಣಿನವರೆಗೂ ಬೆಳ್ಳಗಾಗಿವೆ. ಮೇಡಂ ಆ ಕೈಗಳನ್ನು ತಮ್ಮ ಕೈಗಳ ನಡುವೆ ಹಿಡಿದುಕೊಂಡು ಕೂರುತ್ತಾರೆ. ರಕ್ತ ಮರಳುವಾಗ ಆಗುವ ಉರಿಗೆ ಅಕ್ಕನ ಕಣ್ಣಲ್ಲಿ ನೀರು ಬರುತ್ತದೆ.

ಹಿಮ ಪುಡಿಯಾಗಿ, ಯಂತ್ರದ ಸರದಿ ಕಾದು, ಉತ್ತರ ಬರಲು ಕೆಲವು ವಾರ ಹಿಡಿಯಿತು. ನಾನು ಮತ್ತೆ ಹೋದಾಗ ಅಕ್ಕ, ಮೇಡಂ, ಗುಡುಗಣ್ಣ ಮೂವರೂ ಕ್ಯಾಂಟೀನಿನ ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದಾರೆ. ಮುಖ ನೋಡಿದರೆ ಗೆದ್ದರೋ ಸೋತರೋ ಗೊತ್ತಾಗುವುದಿಲ್ಲ. ಮೇಡಂ ಒಂದು ಚೀಟಿಯ ಹಿಂದೆ ಗೆರೆ ಎಳೆದು ತೋರಿಸುತ್ತಾರೆ. ಹಳೆಯ ತುದಿಯಿಂದ ಶುರು ಮಾಡಿದರೆ ಗೆರೆ ಒಮ್ಮೆಲೇ ಚಿಮ್ಮುತ್ತದೆ, ಆಮೇಲೆ ಮೆಲ್ಲಮೆಲ್ಲನೆ ಇಳಿಯುತ್ತದೆ. ಚೀಲ ಮೊದಲು ಬಿದ್ದಿದೆ, ಹಿಟ್ಟು ಆಮೇಲೆ ಕೂತಿದೆ. ಬಿರುಗಾಳಿ ನಿಜ. ಆವತ್ತಿನ ತುಂಡು ತಲೆಕೆಳಗಾಗಿದ್ದೂ ನಿಜ.

"ಸದ್ಯ, ತಪ್ಪು ನಂದೇ," ಎನ್ನುತ್ತಾರೆ ಅಕ್ಕ. ಉಸಿರು ಬಿಟ್ಟದ್ದು ನನಗೆ ಕೇಳಿಸುತ್ತದೆ. ಉಳಿದ ತುಂಡುಗಳನ್ನೂ ಮಣ್ಣಿನ ಧೂಳಿನವರ ಪಾಲಿನ ಜೊತೆ ಹೋಲಿಸಿ ಒಂದೊಂದಾಗಿ ಪರೀಕ್ಷಿಸಲು ಅವರೇ ಮೇಡಂಗೆ ಗಂಟುಬಿದ್ದಿದ್ದಾರೆ. ಈವರೆಗೆ ನೋಡಿದವೆಲ್ಲ ಸರಿಯಾಗಿವೆ. ನೋಡುವುದು ಇನ್ನೂ ಬಹಳ ಇದೆ. ಚಳಿಗಾಲ ಮುಗಿದ ಮೇಲೆ ಬೆಚ್ಚನೆಯ ಕೋಣೆಯಲ್ಲಿ ಅಕ್ಕನ ಕೆಲಸ ಇನ್ನು ಅದೇ.

ಮೇಡಂ ಈಗ ಇದನ್ನೆಲ್ಲ ಪ್ರಬಂಧವಾಗಿ ಬರೆಯುತ್ತಿದ್ದಾರೆ. ಒಂದು ವಾಕ್ಯಕ್ಕೆ ಮಾತ್ರ ಅವರಿಗೂ ಅಕ್ಕನಿಗೂ ಜಗಳ. ಮೇಡಂ ಮೊದಲು ಬರೆದದ್ದು, ಒಂದು ತುಂಡಿನ ದಿಕ್ಕಿನ ಬಗ್ಗೆ ಸ್ವಲ್ಪ ಅನಿಶ್ಚಿತತೆ ಇತ್ತು ಎಂದು. ಅಕ್ಕ ಒಪ್ಪಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೀಬೇಡಿ, ಕೊಯ್ಯುವಾಗ ಉಲ್ಟಾ ಆಯಿತು ಎಂದು ನೇರ ಬರೆಯಿರಿ ಎಂದು ಹಟ ಹಿಡಿದರು. ಗೆದ್ದವರು ಅಕ್ಕ. ಪ್ರಬಂಧದ ನಾಲ್ಕನೇ ಪುಟದಲ್ಲಿ ಅದೊಂದು ವಾಕ್ಯ ಹಾಗೆಯೇ ಇರುತ್ತದೆ.

ಹೊರಡುವ ಮೊದಲು ನಾನೂ ದೊಡ್ಡ ಮನಸ್ಸು ಮಾಡಿ ಹೇಳುತ್ತೇನೆ. ಅಕ್ಕ, ಭಾನುವಾರದ ಪತ್ರಿಕೆ ಊರೆಲ್ಲ ಓದುತ್ತದೆ, ಬೇಕಾದರೆ ಆ ತಪ್ಪಿನ ಸಂಗತಿ ಬಿಟ್ಟುಬಿಡುತ್ತೇನೆ, ಉಳಿದದ್ದೇ ಬೇಕಾದಷ್ಟಿದೆ ಎಂದು. ಅಕ್ಕ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಸುತ್ತಿ ಹಿಡಿದು ನನ್ನನ್ನೇ ನೋಡುತ್ತಾರೆ.

"ಬಿಡಬೇಡಿ. ನಾವೆಲ್ಲ ಹೋದ ಮೇಲೆ ಯಾರೋ ಆ ಉಳಿದ ಪಾಲು ತೆಗೀತಾರೆ. ಅವರಿಗೆ ನನ್ನ ಹೆಸರು ಬೇಡ, ನಾನು ಎಷ್ಟು ಕೊಯ್ದೆ ಅನ್ನೋದೂ ಬೇಡ. ಇದೊಂದು ಗೊತ್ತಿರಬೇಕು. ನೆಟ್ಟಗೆ ಕೊಯ್ದಾಗ ಕೊಯ್ದವರು ಕಾಣಬಾರದು, ಇಷ್ಟು ವರ್ಷ ನಾನು ಕಾಣಲಿಲ್ಲ. ತಪ್ಪಾದಾಗ ಕಾಣಲೇಬೇಕು. ಬರೀರಿ, ಉಲ್ಟಾ ಇಟ್ಟಿದ್ದು ನಾನು ಅಂತ."